ಆಟಕ್ಕುಂಟು, ಲೆಕ್ಕಕ್ಕಿಲ್ಲ!

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಕಾಡಂಚಿನ ಹಳ್ಳಿಗಳ ಜನ ವಿಪರೀತ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ನೋಡಿದರು. ಉಣುಗುಗಳ ಮೂಲಕ ಹರಡುವ ಹೊಸದೊಂದು ವೈರಸ್ ಪತ್ತೆಯಾಯಿತು. ಮಲೆನಾಡಿಗರು ‘ಮಂಗನ ಕಾಯಿಲೆ’ ಎಂದು ಕರೆಯುವ ಈ ರೋಗದ ಕುರಿತು ಟಿ.ಎಚ್. ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಅದೇ ವರ್ಷ ವರದಿಗಳನ್ನು ಪ್ರಕಟಿಸಿದರು. ಅವು ಅಚ್ಚಾದದ್ದು ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಅಲ್ಲ. ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್’ ಎಂಬ ಭಾರತದ ಪತ್ರಿಕೆಯಲ್ಲಿ.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಒಂದು ಊರಿನ ಕಾಯಿಲೆ, ಒಂದು ಸೀಮೆಯ ಬೆಳೆ, ಒಂದು ನದಿಯ ಮೀನು, ಇವುಗಳ ಬಗ್ಗೆ ಬರೆದದ್ದು ಆಯಾ ನಾಡಿನ ಪತ್ರಿಕೆಯಲ್ಲಿ ಬರುವುದೇ ಸಹಜ. ಬೇಕಾದವರು ಓದುವುದೂ ಅಲ್ಲಿಯೇ. ಮಂಗನ ಕಾಯಿಲೆ 2013ರಲ್ಲಿ ಕೇರಳದ ವಯನಾಡಿನಲ್ಲೂ 2015ರಲ್ಲಿ ಗೋವಾದಲ್ಲೂ ಕಾಣಿಸಿಕೊಂಡಾಗ ಅಲ್ಲಿನ ವೈದ್ಯರಿಗೆ ಆಸರೆಯಾಗಬೇಕಾದದ್ದು ಮಲೆನಾಡಿನ ಅನುಭವವೇ ತಾನೆ?

ಆದರೆ ಇಂಥ ಪತ್ರಿಕೆಗಳಿಗೆ ಜಗತ್ತಿನ ಲೆಕ್ಕದ ಪುಸ್ತಕದಲ್ಲಿ ಎಷ್ಟು ಜಾಗವಿದೆ ಎಂದು ಕೇಳಿದರೆ ಉತ್ತರ ಅಷ್ಟು ಸಮಾಧಾನ ತರುವುದಿಲ್ಲ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಲ್ಲಿ ಹೊರಬರುವ ಸಾವಿರಾರು ವಿದ್ವತ್ ಪತ್ರಿಕೆಗಳದ್ದು ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬ ಸ್ಥಿತಿ. ಈ ಲೆಕ್ಕ ಹುಟ್ಟಿದ್ದು ಹೇಗೆ, ಅದರಲ್ಲಿ ಬಿಟ್ಟುಹೋದವರನ್ನು ಸೇರಿಸಲು ಯಾರು ಏನು ಮಾಡುತ್ತಿದ್ದಾರೆ ಎಂಬುದು ಸ್ವಾರಸ್ಯಕರವಾದ ಕಥೆ.

ಗಾರ್ಫೀಲ್ಡರ ಸೂಚಿ

ಸಂಶೋಧಕರು ಲೇಖನದ ಕೊನೆಯಲ್ಲಿ, ತಾವು ಯಾವ ಯಾವ ಹಿಂದಿನ ಲೇಖನಗಳ ನೆರವು ಪಡೆದೆವು ಎಂದು ಪಟ್ಟಿ ಕೊಡುತ್ತಾರೆ. ಇದೇ ಉಲ್ಲೇಖ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರಿಗೆ ಈ ಪಟ್ಟಿಗಳನ್ನೆಲ್ಲ ತಿರುಗುಮುರುಗಾಗಿ ಜೋಡಿಸಿದರೆ ಹೇಗೆ ಎಂಬ ಯೋಚನೆ ಬಂತು. ಆಗ ಒಂದು ಲೇಖನ ಯಾರನ್ನು ಉಲ್ಲೇಖಿಸಿದೆ ಎಂಬುದಷ್ಟೇ ಅಲ್ಲ, ಅದನ್ನು ಮುಂದೆ ಯಾರು ಉಲ್ಲೇಖಿಸಿದರು ಎಂಬುದೂ ತಿಳಿಯುತ್ತದೆ. ಅಮೆರಿಕದ ವಕೀಲರು 19ನೇ ಶತಮಾನದಿಂದಲೇ ಇಂಥದೊಂದು ಪುಸ್ತಕ ಬಳಸುತ್ತಿದ್ದರು. ಹಳೆಯ ತೀರ್ಪನ್ನು ಮುಂದಿನ ಯಾವ ತೀರ್ಪು ಎತ್ತಿಹಿಡಿಯಿತು, ಯಾವುದು ತಳ್ಳಿಹಾಕಿತು ಎಂಬುದು ಅದರಲ್ಲಿ ಸಿಗುತ್ತಿತ್ತು. ಗಾರ್ಫೀಲ್ಡ್ ಆ ಉಪಾಯವನ್ನು ವಿಜ್ಞಾನಕ್ಕೆ ತಂದರು. 1964ರ ಹೊತ್ತಿಗೆ ಅವರ ಫಿಲಡೆಲ್ಫಿಯಾದ ಸಂಸ್ಥೆಯ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಬಳಕೆಗೆ ಬಂತು. 1961ರ ಸಾಲಿನ 613 ಪತ್ರಿಕೆಗಳ ಸುಮಾರು 14 ಲಕ್ಷ ಉಲ್ಲೇಖಗಳು ಅದರಲ್ಲಿದ್ದವು.

ಜಗತ್ತಿನಲ್ಲಿ ಹತ್ತಾರು ಸಾವಿರ ಪತ್ರಿಕೆಗಳಿರುವಾಗ ಬರೇ 613 ಏಕೆ? ಅದಕ್ಕೂ ಒಂದು ತರ್ಕವಿತ್ತು. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಗ್ರಂಥಪಾಲ ಸ್ಯಾಮ್ಯುಯೆಲ್ ಬ್ರಾಡ್‌ಫರ್ಡ್ 1934ರಲ್ಲಿ ಒಂದು ಸಂಗತಿಯನ್ನು ಗಮನಿಸಿದ್ದರು. ಯಾವುದೇ ವಿಷಯ ತೆಗೆದುಕೊಂಡರೂ ಅದರ ಲೇಖನಗಳಲ್ಲಿ ದೊಡ್ಡ ಪಾಲು ಕೆಲವೇ ಪತ್ರಿಕೆಗಳಲ್ಲಿರುತ್ತದೆ. ಉಳಿದದ್ದು ನೂರಾರು ಪತ್ರಿಕೆಗಳಲ್ಲಿ ಒಂದೊಂದಾಗಿ ಚದುರಿರುತ್ತದೆ. ಹಾಗಾದರೆ ಮುಖ್ಯವಾದ ಕೆಲವನ್ನೇ ಆರಿಸಿಕೊಂಡರೆ ಸಾಕಲ್ಲವೇ? ರಂಧ್ರ ಕೊರೆದ ಕಾರ್ಡುಗಳಲ್ಲಿ ಮಾಹಿತಿ ತುಂಬುತ್ತಿದ್ದ ಆ ಕಾಲದಲ್ಲಿ ಎಲ್ಲವನ್ನೂ ಸೇರಿಸುವುದು ಸಾಧ್ಯವೂ ಇರಲಿಲ್ಲ. ಆದ್ದರಿಂದ ಗಾರ್ಫೀಲ್ಡರನ್ನು ದೂರುವುದು ನ್ಯಾಯವಲ್ಲ. ಹುಡುಕುವವರಿಗೆ ದಾರಿದೀಪವಾಗಲೆಂದು ಮಾಡಿದ ಪಟ್ಟಿ ಮುಂದೆ ಅಳೆಯುವವರ ಕೈಗೆ ಸಿಕ್ಕಿತು. ತೊಡಕು ಶುರುವಾದದ್ದು ಅಲ್ಲಿಂದ.

ಮುಯ್ಯಿ ಪುಸ್ತಕ

ಪತ್ರಿಕೆಯ ತೂಕ ಅಳೆಯುವ ಪ್ರಸಿದ್ಧ ಅಳತೆಗೋಲು ‘ಇಂಪ್ಯಾಕ್ಟ್ ಫ್ಯಾಕ್ಟರ್’. ಪ್ರಭಾವಾಂಕ ಎನ್ನಬಹುದು. ಲೆಕ್ಕ ಹೈಸ್ಕೂಲು ಮಕ್ಕಳಿಗೂ ಬರುವಂಥದ್ದು. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಎಷ್ಟು ಉಲ್ಲೇಖ ಬಂದವೋ ಆ ಸಂಖ್ಯೆಯನ್ನು ಆ ಎರಡು ವರ್ಷಗಳ ಲೇಖನಗಳ ಸಂಖ್ಯೆಯಿಂದ ಭಾಗಿಸಬೇಕು, ಅಷ್ಟೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಅಡಿಕೆ, ಮೆಣಸು, ರಾಗಿಗಳ ಬಗ್ಗೆ ಬರೆಯುವ ಒಂದು ಕೃಷಿ ಪತ್ರಿಕೆ ಇದೆ. ಮೊದಲ ವರ್ಷ 60, ಮರುವರ್ಷ 40, ಒಟ್ಟು 100 ಲೇಖನಗಳು ಅದರಲ್ಲಿ ಬಂದಿವೆ. ಮೂರನೆಯ ವರ್ಷ ಅವುಗಳಿಗೆ 80 ಉಲ್ಲೇಖಗಳು ಬಂದವು. ಪ್ರಭಾವಾಂಕ 0.8. ಪರವಾಗಿಲ್ಲ. ಆದರೆ ಆ 80ರಲ್ಲಿ 70 ಉಲ್ಲೇಖಗಳು ಬಂದದ್ದು ಇಂಥವೇ ಇತರ ಪ್ರಾದೇಶಿಕ ಪತ್ರಿಕೆಗಳಿಂದ. ಅವು ಸೂಚಿಯಲ್ಲಿಲ್ಲ. ಆದ್ದರಿಂದ ಎಣಿಕೆಗೆ ಸಿಕ್ಕಿದ್ದು 10 ಮಾತ್ರ. 0.8 ಹೋಗಿ 0.1 ಆಯಿತು! ಲೇಖನಗಳ ಒಂದಕ್ಷರವೂ ಬದಲಾಗಿಲ್ಲ, ಓದುಗರೂ ಬದಲಾಗಿಲ್ಲ. ಮದುವೆಮನೆಯಲ್ಲಿ ಮುಯ್ಯಿ ಬರೆಯಲು ಕುಳಿತವನು ಮೇಲಿನ ಬೀದಿಯವರ ಮುಯ್ಯಿಯನ್ನು ಮಾತ್ರ ಬರೆದುಕೊಂಡು, ಈ ಮದುವೆಗೆ ಬಂಧುಬಳಗವೇ ಇರಲಿಲ್ಲ ಎಂದು ಷರಾ ಹಾಕಿದಂತಾಯಿತು.

ಸೂಚಿಗೆ ಹೊಸ ಪತ್ರಿಕೆಯನ್ನು ಸೇರಿಸಬೇಕಾದರೆ ಏನು ನೋಡುತ್ತಾರೆ? ಹೊತ್ತಿಗೆ ಸರಿಯಾಗಿ ಹೊರಬರುತ್ತದೆಯೇ, ತಜ್ಞರಿಂದ ಪರಿಶೀಲನೆ ಮಾಡಿಸುತ್ತದೆಯೇ ಎಂಬುದರ ಜೊತೆಗೆ, ಈಗಾಗಲೇ ಸೂಚಿಯಲ್ಲಿರುವ ಪತ್ರಿಕೆಗಳು ಅದನ್ನು ಉಲ್ಲೇಖಿಸುತ್ತಿವೆಯೇ ಎಂಬುದನ್ನೂ ನೋಡುತ್ತಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಪಟ್ಟಿಯಲ್ಲಿಲ್ಲದ ಪತ್ರಿಕೆಗೆ ಒಳ್ಳೆಯ ಲೇಖನಗಳು ಬರುವುದಿಲ್ಲ. ಒಳ್ಳೆಯ ಲೇಖನ ಬರದ ಪತ್ರಿಕೆ ಪಟ್ಟಿಗೆ ಸೇರುವುದಿಲ್ಲ.

ಇನ್ನೊಂದು ಮಾತೂ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1967ರಿಂದ ಹೊರತರುತ್ತಿರುವ ‘ಮೈಸೂರು ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ನಂಥ ಪತ್ರಿಕೆಯಲ್ಲಿ ರಾಗಿಯ ಬೆಂಕಿರೋಗದ ಬಗ್ಗೆ ಒಂದು ಲೇಖನ ಬಂತೆನ್ನಿ. ಅದನ್ನು ಓದಿದ ಕೃಷಿ ಅಧಿಕಾರಿ ಹಳ್ಳಿಗೆ ಹೋಗಿ ರೈತರಿಗೆ ಔಷಧಿ ಹೇಳಿಬರುತ್ತಾನೆ. ಹೊಲದಲ್ಲಿ ಪೈರು ಉಳಿಯುತ್ತದೆ. ಆದರೆ ಆ ಅಧಿಕಾರಿ ಸಂಶೋಧನಾ ಲೇಖನ ಬರೆಯುವವನಲ್ಲ, ರೈತ ಮೊದಲೇ ಅಲ್ಲ. ಹಾಗಾಗಿ ಉಲ್ಲೇಖ ಸೊನ್ನೆ. ಸೂಚಿಯನ್ನು ಎಷ್ಟು ಹಿಗ್ಗಿಸಿದರೂ ಈ ಉಪಯೋಗ ಅದರಲ್ಲಿ ಕಾಣುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ರಾಮನ್ನರ ಅಂಚೆ

ಹಿಂದೆ ಈ ಸಮಸ್ಯೆ ಇರಲಿಲ್ಲವೇ? ಇತ್ತು. ಸಿ.ವಿ. ರಾಮನ್ ಅದಕ್ಕೆ ತಮ್ಮದೇ ಪರಿಹಾರ ಕಂಡುಕೊಂಡಿದ್ದರು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡ ಹೊಸ ಬೆಳಕಿನ ಬಗ್ಗೆ ಅವರು ವಿವರವಾಗಿ ಉಪನ್ಯಾಸ ಕೊಟ್ಟದ್ದು ಬೆಂಗಳೂರಿನಲ್ಲಿ, ಮಾರ್ಚ್ 16ರಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಆ ಉಪನ್ಯಾಸ ಅದೇ ತಿಂಗಳು, ಅವರೇ ಎರಡು ವರ್ಷದ ಹಿಂದೆ ಆರಂಭಿಸಿದ್ದ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ಗಾಗಿ ಅಚ್ಚಾಯಿತು. ರಾಮನ್ ಅದರ ಪ್ರತಿಗಳನ್ನು ದೇಶವಿದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. ‘ನೇಚರ್’ಗೂ ಚಿಕ್ಕ ಟಿಪ್ಪಣಿ ಹೋಯಿತು. 1930ರಲ್ಲಿ ನೊಬೆಲ್ ಬಂತು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿ ಅದರ ‘ಪ್ರೊಸೀಡಿಂಗ್ಸ್’ ಹೊರಡಿಸಿದರು. ಅದಕ್ಕೆ ಎರಡು ವರ್ಷ ಮೊದಲೇ ಬೆಂಗಳೂರಿನಲ್ಲಿ ‘ಕರೆಂಟ್ ಸೈನ್ಸ್’ ಆರಂಭವಾಗಿತ್ತು. ದೇಶಕ್ಕೆ ಸ್ವಂತ ಪತ್ರಿಕೆಗಳು ಬೇಕೆಂಬ ಛಲ ಆ ತಲೆಮಾರಿಗೆ ಇತ್ತು. ಆದರೆ ಎಲ್ಲರೂ ರಾಮನ್ ಆಗಲು ಸಾಧ್ಯವೇ? ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಕುಳಿತು ಕೆಲಸ ಮಾಡುವವರ ಪ್ರತಿಗಳನ್ನು ಯಾರು ಅಂಚೆಗೆ ಹಾಕಬೇಕು?

ಬ್ರೆಜಿಲ್ ತೋರಿಸಿದ ದಾರಿ

1995ರ ಆಗಸ್ಟ್‌ನಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಮಾಸಿಕ, ಮೂರನೆಯ ಜಗತ್ತಿನಲ್ಲಿ ಕಳೆದುಹೋದ ವಿಜ್ಞಾನ ಎಂಬರ್ಥದ ತಲೆಬರಹದಡಿ ಡಬ್ಲ್ಯು. ವೇಟ್ ಗಿಬ್ಸ್ ಅವರ ಲೇಖನ ಪ್ರಕಟಿಸಿತು. ಬಡ ದೇಶಗಳ ಪತ್ರಿಕೆಗಳು ಪ್ರಮುಖ ಸೂಚಿಗಳಿಂದ ಹೊರಗುಳಿದಿರುವುದನ್ನು ಅದು ಎಳೆಎಳೆಯಾಗಿ ಬಿಡಿಸಿಟ್ಟಿತು. ಅನೇಕ ದೇಶಗಳಲ್ಲಿ ಚರ್ಚೆಯಾಯಿತು. ಬ್ರೆಜಿಲ್‌ನಲ್ಲಿ ಮಾತ್ರ ಕೆಲಸವೇ ಶುರುವಾಯಿತು.

1997ರಲ್ಲಿ ಸಾವೊ ಪೌಲೊ ರಾಜ್ಯದ ಸಂಶೋಧನಾ ನಿಧಿ ‘ಫಾಪೆಸ್ಪ್’ ಮತ್ತು ಲ್ಯಾಟಿನ್ ಅಮೆರಿಕದ ವೈದ್ಯಕೀಯ ಮಾಹಿತಿ ಕೇಂದ್ರ ‘ಬಿರೆಮೆ’ ಜೊತೆಗೂಡಿ 10 ಪತ್ರಿಕೆಗಳೊಂದಿಗೆ ಒಂದು ಪ್ರಯೋಗ ಮಾಡಿದವು. ಅಬೆಲ್ ಪ್ಯಾಕರ್, ರೊಜೇರಿಯೊ ಮೆನೆಗಿನಿ ಇದರ ಮುಂಚೂಣಿಯಲ್ಲಿದ್ದರು. ಮರುವರ್ಷ ‘ಸೈಯೆಲೊ’ ಎಂಬ ಹೆಸರಿನಲ್ಲಿ ಇದು ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಮುಕ್ತವಾಯಿತು. ಓದಲು ಕಾಸು ಕೊಡಬೇಕಾಗಿಲ್ಲ.

ಪತ್ರಿಕೆಗಳನ್ನು ಇಂಟರ್‌ನೆಟ್‌ಗೆ ಏರಿಸುವುದೇನು ಮಹಾ ಎನ್ನಬಹುದು. ಸೈಯೆಲೊ ಮಾಡಿದ್ದು ಅಷ್ಟೇ ಅಲ್ಲ. ಪುಟದ ಚಿತ್ರ ತೆಗೆದು ಹಾಕಿದರೆ ಮನುಷ್ಯರು ಓದಬಹುದು, ಯಂತ್ರಕ್ಕೆ ಅದು ಬರೀ ಕಪ್ಪುಬಿಳುಪಿನ ಚುಕ್ಕೆ. ಅದಕ್ಕೇ ಇವರು ಪ್ರತಿ ಲೇಖನದ ಕೊನೆಯ ಉಲ್ಲೇಖಪಟ್ಟಿಯನ್ನು ಬಿಡಿಸಿ, ಇದು ಲೇಖಕರ ಹೆಸರು, ಇದು ಶೀರ್ಷಿಕೆ, ಇದು ಪತ್ರಿಕೆ, ಇದು ವರ್ಷ, ಇದು ಪುಟಸಂಖ್ಯೆ ಎಂದು ಒಂದೊಂದಕ್ಕೂ ಗುರುತುಚೀಟಿ ಅಂಟಿಸಿದರು. ಕಿರಾಣಿ ಅಂಗಡಿಯ ಡಬ್ಬಗಳಿಗೆ ಹೆಸರು ಬರೆದಿಟ್ಟಂತೆ. ಚೀಟಿ ಇದ್ದ ಮೇಲೆ ಯಾವ ಲೇಖನ ಯಾವುದನ್ನು ಉಲ್ಲೇಖಿಸಿದೆ ಎಂದು ಕಂಪ್ಯೂಟರ್ ತಾನೇ ಎಣಿಸುತ್ತದೆ. ಹೀಗೆ ಪೋರ್ಚುಗೀಸ್, ಸ್ಪಾನಿಷ್ ಲೇಖನಗಳ ನಡುವಿನ ಕೊಡುಕೊಳ್ಳುವಿಕೆ ಮೊದಲ ಬಾರಿಗೆ ಅಂಕಿಗಳಲ್ಲಿ ಕಾಣಿಸಿತು. ಮುಯ್ಯಿ ಬರೆಯುವವನಿಗಾಗಿ ಕಾಯದೆ ಕೆಳಗಿನ ಬೀದಿಯವರು ತಮ್ಮದೇ ಪುಸ್ತಕ ತೆರೆದರು.

ಹಾಗೆಂದು ಸೈಯೆಲೊ ಬಂದವರಿಗೆಲ್ಲ ಬಾಗಿಲು ತೆರೆಯಲಿಲ್ಲ. ತಜ್ಞರ ಪರಿಶೀಲನೆ ಇಲ್ಲದ, ಹೊತ್ತಿಗೆ ಸರಿಯಾಗಿ ಹೊರಬರದ ಪತ್ರಿಕೆಗಳನ್ನು ಸೇರಿಸಿಕೊಳ್ಳಲಿಲ್ಲ. ಸೇರಿದ ಮೇಲೆ ಸಡಿಲಾದವನ್ನು ಕೈಬಿಡುವ ನಿಯಮವೂ ಇದೆ. ಇಂದು ಬ್ರೆಜಿಲ್ ಒಂದರಿಂದಲೇ ಸುಮಾರು 300 ಪತ್ರಿಕೆಗಳು ಅದರಲ್ಲಿವೆ. ಚಿಲಿ, ಮೆಕ್ಸಿಕೊ, ದಕ್ಷಿಣ ಆಫ್ರಿಕಗಳೂ ಸೇರಿ ಹದಿನೈದಕ್ಕೂ ಹೆಚ್ಚು ದೇಶಗಳಿಗೆ ಜಾಲ ಹರಡಿದೆ. 2014ರಲ್ಲಿ ಗಾರ್ಫೀಲ್ಡರ ಸೂಚಿಯ ಇಂದಿನ ರೂಪವಾದ ‘ವೆಬ್ ಆಫ್ ಸೈನ್ಸ್’ ತಾನೇ ಸೈಯೆಲೊದ ಸೂಚಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ಮರುವರ್ಷ ಹೊಸ, ಪ್ರಾದೇಶಿಕ ಪತ್ರಿಕೆಗಳಿಗಾಗಿ ಪ್ರತ್ಯೇಕ ವಿಭಾಗವನ್ನೂ ತೆರೆಯಿತು. ಆ ವಿಭಾಗಕ್ಕೆ ಪ್ರಭಾವಾಂಕ ಸಿಗಲು ಮಾತ್ರ 2023ರವರೆಗೆ ಕಾಯಬೇಕಾಯಿತು.

ಬೇರೆಡೆಯೂ ಇಂಥ ಪ್ರಯತ್ನಗಳು ನಡೆದಿವೆ. ಆಫ್ರಿಕದ ಪತ್ರಿಕೆಗಳನ್ನು ಒಂದೆಡೆ ತರುವ ‘ಆಫ್ರಿಕನ್ ಜರ್ನಲ್ಸ್ ಆನ್‌ಲೈನ್’ 1998ರಲ್ಲಿ ಆರಂಭವಾಯಿತು. ನೇಪಾಳ, ಬಾಂಗ್ಲಾದೇಶಗಳ ಪತ್ರಿಕೆಗಳಿಗೂ 2007ರಿಂದ ಅಂಥ ತಾಣಗಳಿವೆ. ಆದರೂ ಹೊರಗುಳಿದವೇ ಹೆಚ್ಚು. ಕೆನಡಾದಲ್ಲಿ ಜಾನ್ ವಿಲಿನ್‌ಸ್ಕಿ ಅವರ ನೇತೃತ್ವದಲ್ಲಿ ಸಿದ್ಧವಾದ, ಪತ್ರಿಕೆ ನಡೆಸಲು ಉಚಿತವಾಗಿ ಸಿಗುವ ಒಂದು ತಂತ್ರಾಂಶವಿದೆ: ‘ಓಪನ್ ಜರ್ನಲ್ ಸಿಸ್ಟಮ್ಸ್’. ಅದನ್ನು ಬಳಸುವ ಪತ್ರಿಕೆಗಳನ್ನು ಎಣಿಸಿ 2022ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 136 ದೇಶಗಳಲ್ಲಿ 25,671 ಪತ್ರಿಕೆಗಳು ಸಿಕ್ಕವು. ನೂರಕ್ಕೆ ಸುಮಾರು 80 ಅಭಿವೃದ್ಧಿಶೀಲ ಜಗತ್ತಿನವು, ಭಾಷೆಗಳು 60. ಇವುಗಳಲ್ಲಿ ವೆಬ್ ಆಫ್ ಸೈನ್ಸ್‌ನಲ್ಲಿ ಇದ್ದದ್ದು ನೂರಕ್ಕೆ 1.2, ಇನ್ನೊಂದು ದೊಡ್ಡ ಸೂಚಿಯಾದ ‘ಸ್ಕೋಪಸ್’ನಲ್ಲಿ ನೂರಕ್ಕೆ 5.7.

ರ‍್ಯಾಂಕು ನೋಡುವ ತಂದೆತಾಯಿಗಳಿಗೆ

ಪಿಯುಸಿ ಫಲಿತಾಂಶ ಬಂದ ಕೂಡಲೇ ಯಾವ ಕಾಲೇಜು, ಯಾವ ವಿಶ್ವವಿದ್ಯಾಲಯ ಎಂದು ರ‍್ಯಾಂಕ್ ಪಟ್ಟಿ ಹಿಡಿದು ಕೂರುವ ಮನೆಗಳು ಎಷ್ಟಿಲ್ಲ! ಕೇಂದ್ರ ಸರ್ಕಾರ 2016ರಿಂದ ಪ್ರಕಟಿಸುತ್ತಿರುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಇರಲಿ, ವಿದೇಶಿ ರ‍್ಯಾಂಕಿಂಗ್‌ಗಳಿರಲಿ, ಸಂಶೋಧನೆಯ ಅಂಕಗಳಿಗೆ ನೆಚ್ಚಿಕೊಂಡಿರುವುದು ಬಹುಪಾಲು ಇವೇ ಎರಡು ಸೂಚಿಗಳನ್ನು. ಒಂದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಕನ್ನಡದಲ್ಲಿ ಶಾಸನಗಳ ಬಗ್ಗೆ ಎಂಥ ಕೆಲಸ ಮಾಡಿದ್ದರೂ, ಅದು ಅಚ್ಚಾದ ಪತ್ರಿಕೆ ಸೂಚಿಯಲ್ಲಿಲ್ಲದಿದ್ದರೆ ಆ ಅಂಕಣದಲ್ಲಿ ಅದಕ್ಕೆ ಬೆಲೆಯಿಲ್ಲ. ಹೀಗಾಗಿ ರ‍್ಯಾಂಕು ಕಡಿಮೆ ಎಂದ ಮಾತ್ರಕ್ಕೆ ಅಲ್ಲಿ ಸಂಶೋಧನೆ ಇಲ್ಲ ಎಂದು ತೀರ್ಮಾನಿಸಲಾಗದು. ತಾವು ಓದಲಿರುವ ವಿಭಾಗದ ಅಧ್ಯಾಪಕರು ಏನು ಬರೆದಿದ್ದಾರೆ ಎಂದು ಗ್ರಂಥಾಲಯದಲ್ಲಿ ಕೇಳಿ ನೋಡುವುದಕ್ಕೆ ಅರ್ಧ ದಿನ ಸಾಕು.

ನಾಣ್ಯದ ಇನ್ನೊಂದು ಮುಖವನ್ನು ಮುಚ್ಚಿಡುವುದೂ ಸರಿಯಲ್ಲ. ಸೂಚಿಯ ಹೊರಗಿರುವುದೆಲ್ಲ ಅನ್ಯಾಯಕ್ಕೊಳಗಾದ ಅಪರಂಜಿಯೇನಲ್ಲ. ದುಡ್ಡು ಕೊಟ್ಟರೆ ಮೂರೇ ದಿನದಲ್ಲಿ ಏನನ್ನಾದರೂ ಅಚ್ಚು ಹಾಕುವ ಅಂಗಡಿಗಳು ಭಾರತದಲ್ಲಿ ನಾಯಿಕೊಡೆಗಳಂತೆ ಎದ್ದವು. ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನದೇ ಮಾನ್ಯತಾ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಅದಾದ ಮೇಲೆ ‘ಕೇರ್’ ಎಂಬ ಇನ್ನೊಂದು ಪಟ್ಟಿ ಮಾಡಿತು. 2025ರಲ್ಲಿ ಅದನ್ನೂ ಕೈಬಿಟ್ಟು, ಪತ್ರಿಕೆಯ ಯೋಗ್ಯತೆಯನ್ನು ವಿದ್ಯಾಸಂಸ್ಥೆಗಳೇ ನೋಡಿಕೊಳ್ಳಲಿ ಎಂದಿತು. ಮೇಲಿನಿಂದ ಒಂದು ಪಟ್ಟಿ ಇಳಿಸಿದರೆ ಕೆಲಸ ಮುಗಿಯದು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಲದೇ? ಬ್ರೆಜಿಲ್‌ನವರು ಮೊದಲು ಒಪ್ಪಮಾಡಿದ್ದು ಪತ್ರಿಕೆಗಳನ್ನು. ಪಟ್ಟಿ ಆಮೇಲೆ ಬಂತು.

ಎಲ್ಲರನ್ನೂ ಎಣಿಸುವ ಯತ್ನ

2022ರ ಜನವರಿಯಲ್ಲಿ ‘ಓಪನ್ ಅಲೆಕ್ಸ್’ ಎಂಬ ಸೂಚಿ ಆರಂಭವಾಯಿತು. ಪ್ರಾಚೀನ ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ನೆನಪಿಗೆ ಇಟ್ಟ ಹೆಸರು. ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ನಡೆಸುವ ಇದರ ಮಾಹಿತಿಯನ್ನು ಯಾರು ಬೇಕಾದರೂ ಬಳಸಬಹುದು. ಆರಿಸಿದ ಪತ್ರಿಕೆಗಳನ್ನು ಮಾತ್ರ ಸೇರಿಸುವ ಬದಲು ಸಿಕ್ಕಿದ್ದನ್ನೆಲ್ಲ ಸೇರಿಸುವುದು ಇದರ ಕ್ರಮ. ಪ್ಯಾರಿಸ್ಸಿನ ಸೋರ್ಬಾನ್ ವಿಶ್ವವಿದ್ಯಾಲಯ 2024ರಿಂದ ವೆಬ್ ಆಫ್ ಸೈನ್ಸ್‌ನ ಚಂದಾ ನಿಲ್ಲಿಸಿ ಇದರತ್ತ ಹೊರಳಿತು. ನೆದರ್‌ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯ ಅದೇ ವರ್ಷ ಇದನ್ನೇ ಆಧರಿಸಿ ರ‍್ಯಾಂಕಿಂಗ್‌ನ ಮುಕ್ತ ಆವೃತ್ತಿ ಹೊರತಂದಿತು.

ಸಿಕ್ಕಿದ್ದನ್ನೆಲ್ಲ ಸೇರಿಸಿದಾಗ ಜೊಳ್ಳೂ ಸೇರುವುದು ಖಂಡಿತ. ಭಾಷೆ ತಪ್ಪಾಗಿ ನಮೂದಾಗುವುದು, ಲೇಖಕರ ಸಂಸ್ಥೆಯ ಹೆಸರೇ ಇಲ್ಲದಿರುವುದು ಅದರಲ್ಲಿ ಸಾಮಾನ್ಯ. ಇದಕ್ಕೆ ಕಾರಣ ಯಂತ್ರವೊಂದೇ ಅಲ್ಲ. ಪತ್ರಿಕೆಗಳು ಕೊಡುವ ಮಾಹಿತಿಯೇ ಅರೆಬರೆ. ಆದ್ದರಿಂದ ದುರಸ್ತಿ ನಡೆಯಬೇಕಾದದ್ದು ಪತ್ರಿಕೆಯ ಸಂಪಾದಕರ ಮೇಜಿನ ಮೇಲೆ. ನಮ್ಮಲ್ಲಿ ಜನವರಿ ಸಂಚಿಕೆ ಗೌರಿಹಬ್ಬಕ್ಕೆ ಬರುವುದುಂಟು; ‘3–4ರ ಜಂಟಿ ಸಂಚಿಕೆ’ ಎಂಬ ಒಕ್ಕಣೆಯಂತೂ ಚಿರಪರಿಚಿತ. ಸೂಚಿ ಮಾಡುವವರಿಗೆ ಇದು ಹಿಡಿಸುವುದಿಲ್ಲ, ಅದು ಅವರ ತಪ್ಪಲ್ಲ.

ಹೆಸರಿನ ಪಾಡು ಇನ್ನೂ ತಮಾಷೆಯದು. ವಿಶ್ವೇಶ್ವರಯ್ಯನವರ ಹೆಸರನ್ನೇ ಇಂಗ್ಲಿಷಿನಲ್ಲಿ ನೋಡಿ. ಒಂದು ಕಡೆ ‘ವಿ’, ಇನ್ನೊಂದು ಕಡೆ ‘ಡಬ್ಲ್ಯು’. ಒಂದು ಕಡೆ ಬರೀ ‘ಎಸ್’, ಇನ್ನೊಂದು ಕಡೆ ‘ಎಸ್‌ಎಚ್’. ಕೊನೆಯಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಯಂತ್ರದ ಕಣ್ಣಿಗೆ ಇವರು ನಾಲ್ಕು ಜನ! ಮೊದಲಿಗಿರುವ ‘ಎಂ’ ಮೋಕ್ಷಗುಂಡಂ ಎಂಬ ಊರು ಎಂದು ಅದಕ್ಕೆ ಹೇಳುವವರಾರು? ತಂದೆಯ ಹೆಸರು, ಊರಿನ ಹೆಸರುಗಳನ್ನು ಇನಿಷಿಯಲ್ ಮಾಡಿಕೊಳ್ಳುವ ದಕ್ಷಿಣ ಭಾರತೀಯರ ಉಲ್ಲೇಖಗಳು ಹೀಗೆ ಹರಿದುಹಂಚಿಹೋಗುತ್ತವೆ. ಇದಕ್ಕೆ 2012ರಲ್ಲಿ ‘ಆರ್ಕಿಡ್’ ಎಂಬ ವ್ಯವಸ್ಥೆ ಬಂತು. ಸಂಶೋಧಕರಿಗೆ ಉಚಿತವಾಗಿ ಸಿಗುವ 16 ಅಂಕಿಗಳ ಸಂಖ್ಯೆ ಅದು. ಹೆಸರನ್ನು ಹೇಗೆ ಬರೆದರೂ ವ್ಯಕ್ತಿ ಒಬ್ಬರೇ ಎಂದು ಅದು ಹೇಳುತ್ತದೆ. ಪಿಎಚ್.ಡಿ.ಗೆ ಸೇರುವ ವಿದ್ಯಾರ್ಥಿಗಳು ಮೊದಲ ಲೇಖನ ಕಳಿಸುವ ಮುನ್ನವೇ ಇದನ್ನು ಪಡೆದು, ಹೆಸರಿನ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳುವುದು ಒಳ್ಳೆಯದು.

ಲೇಖನಗಳಿಗೂ ಇಂಥದೇ ಒಂದು ಸಂಖ್ಯೆಯಿದೆ, ಡಿಒಐ ಎಂದು. ಜಮೀನಿನ ಸರ್ವೆ ನಂಬರಿನಂತೆ. ಮಾಲೀಕರು ಬದಲಾದರೂ ನಂಬರು ಬದಲಾಗದು. ಪತ್ರಿಕೆಯ ತಾಣ ಮುಚ್ಚಿ ಬೇರೆಡೆ ತೆರೆದರೂ ಲೇಖನ ಸಿಗುತ್ತದೆ, ಉಲ್ಲೇಖಗಳನ್ನು ಜೋಡಿಸಲೂ ಅದೇ ಕೊಂಡಿ. ಇದನ್ನು ನೋಂದಾಯಿಸುವ ‘ಕ್ರಾಸ್‌ರೆಫ್’ ಸಂಸ್ಥೆಗೆ ಶುಲ್ಕ ಕೊಡಬೇಕು. ಸಣ್ಣ ಪತ್ರಿಕೆಗಳಿಗೆ ಅದೇ ಭಾರ. 2023ರಿಂದ ತೀರ ಬಡ ದೇಶಗಳ ಪತ್ರಿಕೆಗಳಿಗೆ ಶುಲ್ಕ ಮನ್ನಾ ಆಗಿದೆ. ನೇಪಾಳ, ಬಾಂಗ್ಲಾದೇಶಗಳು ಅದರಲ್ಲಿ ಸೇರಿವೆ.

ಈ ಸಂಖ್ಯೆ ಹೊಸ ಲೇಖನಗಳಿಗೇ ಮೀಸಲೇನಲ್ಲ. ಬ್ರೆಜಿಲ್‌ನ ವೈದ್ಯ ಕಾರ್ಲೋಸ್ ಶಾಗಸ್, ರೈಲುಮಾರ್ಗದ ಕೆಲಸಗಾರರ ಮಲೇರಿಯಾ ನೋಡಲು ಮಿನಾಸ್ ಜೆರಾಯಿಸ್ ರಾಜ್ಯದ ಲಸಾನ್ಸ್ ಎಂಬ ಊರಿಗೆ ಹೋಗಿದ್ದರು. ಮಣ್ಣಿನ ಗೋಡೆಯ ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ಮಲಗಿದವರ ಮುಖ ಕಚ್ಚಿ ರಕ್ತ ಹೀರುವ ಒಂದು ಕೀಟ, ಅದರೊಳಗೊಂದು ಪರೋಪಜೀವಿ, ಅದರಿಂದ ಬರುವ ಹೊಸ ರೋಗ, ಮೂರನ್ನೂ ಅವರು ಗುರುತಿಸಿದರು. ವಿವರವಾದ ಲೇಖನ 1909ರಲ್ಲಿ ಅಚ್ಚಾದದ್ದು ರಿಯೊ ಡಿ ಜನೈರೊದ ‘ಮೆಮೊರಿಯಾಸ್ ದೊ ಇನ್‌ಸ್ಟಿಟ್ಯೂಟೊ ಓಸ್ವಾಲ್ಡೊ ಕ್ರೂಸ್’ ಪತ್ರಿಕೆಯ ಮೊದಲ ಸಂಪುಟದಲ್ಲಿ. ಝೀಕಾ ಜ್ವರ ಬ್ರೆಜಿಲ್ ನೆಲದಲ್ಲೇ ಹರಡುತ್ತಿದೆ ಎಂಬ ಮೊದಲ ವರದಿಯನ್ನು 2015ರಲ್ಲಿ ಪ್ರಕಟಿಸಿದ್ದೂ ಇದೇ ಪತ್ರಿಕೆ. ಶಾಗಸ್ ಅವರ ಲೇಖನ ಇಂದು ಸೈಯೆಲೊದಲ್ಲಿ ಇಡಿಯಾಗಿ ಓದಲು ಸಿಗುತ್ತದೆ. ನೂರು ವರ್ಷ ದಾಟಿದ ಆ ಪುಟಗಳಿಗೂ 10.1590 ಎಂದು ಶುರುವಾಗುವ ಒಂದು ಡಿಒಐ ಇದೆ.